ಆ ಹಣೆಯ ರಕ್ತ ಎಲ್ಲಿಂದ ಬಂತು?

ಪ್ರೀತಿಯ ತಂಗಿಗೆ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. ‘ಕೊರಿಯಾದ ರಾಜನ ಕಥೆ ಕನ್ನಡದಲ್ಲಿ ಯಾರಿಗೆ ಬೇಕು ಅಂತ ವಾಪಸ್ ಕಳಿಸಿದರು, ಬರೆಯೋದನ್ನೇ ಬಿಟ್ಟುಬಿಡಲಾ?’ ಅಂತ ಕೇಳಿದ್ದೀಯ. ಬಿಡಬೇಡ. ನಮ್ಮ ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೊರಿಯನ್ ಧಾರಾವಾಹಿ ನೋಡುತ್ತಿರುವಾಗ ಈ ಕಥೆಗೆ ಓದುಗರು ಸಿಗದೇ ಇರುತ್ತಾರಾ? ಅಧ್ಯಾಯ ಎಷ್ಟುದ್ದ ಇರಬೇಕು, ಕೊರಿಯನ್ ಹೆಸರುಗಳನ್ನು ಹೇಗೆ ಬರೆಯಬೇಕು ಅನ್ನೋದೆಲ್ಲ ಬರೆಯುತ್ತಾ ನಿನಗೇ ಗೊತ್ತಾಗುತ್ತೆ. ನನ್ನ ತಕರಾರು ಇರೋದು ಇನ್ಜೊ ರಾಜನ ಹಣೆಯಿಂದ ನೀನು ಸುರಿಸಿದ ರಕ್ತದ ಬಗ್ಗೆ.

1637ರ ಫೆಬ್ರವರಿ 24. ಒಂದೂವರೆ ತಿಂಗಳ ಮುತ್ತಿಗೆಯ ನಂತರ ಜೊಸೊನ್ (ಆಗಿನ ಕೊರಿಯಾ) ರಾಜ ಇನ್ಜೊ ನಾಮ್‌ಹಾನ್ ಬೆಟ್ಟದ ಕೋಟೆ ಬಿಟ್ಟು ಇಳಿದು, ಹಾನ್ ನದಿಯ ಸಾಮ್‌ಜೊನ್‌ದೊ ದಂಡೆಯಲ್ಲಿ ಉತ್ತರದಿಂದ ದಂಡೆತ್ತಿ ಬಂದ ಚಿಂಗ್ ರಾಜ್ಯದ ಚಕ್ರವರ್ತಿ ಹಾಂಗ್ ತೈಜಿಗೆ ಶರಣಾದ. ಮೂರು ಸಲ ಮಂಡಿಯೂರಬೇಕು, ಪ್ರತಿ ಸಲವೂ ಮೂರು ಬಾರಿ ಹಣೆ ನೆಲಕ್ಕೆ ಮುಟ್ಟಿಸಬೇಕು. ಇಷ್ಟನ್ನು ನೀನು ಸರಿಯಾಗಿಯೇ ಬರೆದಿದ್ದೀಯ. ಆಮೇಲೆ ಹಣೆ ಒಡೆದು ಹಿಮ ಕೆಂಪಾಯಿತು, ಚಕ್ರವರ್ತಿ ಗಹಗಹಿಸಿ ನಕ್ಕ ಅಂತ ಸೇರಿಸಿದ್ದೀಯಲ್ಲ, ಅದು ಯಾಕೆ? ಜನ ಹಾಗೆ ಹೇಳ್ತಾರೆ, ನಿಜ. ಆದರೆ ಜೊಸೊನ್ ಆಸ್ಥಾನದವರೇ ಬರೆದಿಟ್ಟ ವಾರ್ಷಿಕ ದಾಖಲೆಯಲ್ಲಿ ಆ ದಿನದ ಪುಟದಲ್ಲಿ ರಕ್ತದ ಸುದ್ದಿಯೇ ಇಲ್ಲ.

ಮುಲಾಜಿಗೆ ಬಿದ್ದು ಮುಚ್ಚಿಟ್ಟಿರಬಹುದು ಅಂತೀಯಾ? ಅವರು ಎಂಥವರು ಅಂತ ಗೊತ್ತಾ? 1404ರಲ್ಲಿ ತೆಜೊಂಗ್ ರಾಜ ಬೇಟೆಯಲ್ಲಿ ಕುದುರೆಯಿಂದ ಬಿದ್ದ. ಎದ್ದವನೇ ಸುತ್ತ ನೋಡಿ, ಇದು ದಾಖಲೆ ಬರೆಯುವವನಿಗೆ ತಿಳಿಯದಿರಲಿ ಅಂದ. ಅವರು ರಾಜ ಬಿದ್ದದ್ದನ್ನೂ ಬರೆದರು, ತಿಳಿಸಬೇಡಿ ಅಂದದ್ದನ್ನೂ ಬರೆದರು. ಅಂಥ ಪರಂಪರೆಯವರು ಬರೆದ ಪುಟಕ್ಕೆ ನೀನು ರಕ್ತ ಚೆಲ್ಲಬಾರದು.

ಈ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟಿದೆ. ನಾನಿನ್ನೂ ಹೊಸಬನಾಗಿದ್ದಾಗ ಒಂದು ವಾರಪತ್ರಿಕೆಯವರು ನನ್ನ ಐತಿಹಾಸಿಕ ಕಥೆಗೆ ನನ್ನನ್ನು ಕೇಳದೆ ಒಂದು ಚಾವಟಿ ಏಟಿನ ದೃಶ್ಯ ಸೇರಿಸಿ ಅಚ್ಚು ಹಾಕಿದರು. ಸಿಕ್ಕವರೆಲ್ಲ ಅದೇ ದೃಶ್ಯವನ್ನು ಹೊಗಳಿದರು. ಕಾಗದ ಬರೆದು ಕೇಳಿದರೆ ‘ಓದುಗರಿಗೆ ಹಿಡಿಸಿತಲ್ಲ’ ಅಂತ ಉತ್ತರ ಬಂತು. ಇವತ್ತಿಗೂ ಅದು ನೆನಪಾದರೆ ಮೈ ಉರಿಯುತ್ತೆ. ನಿನಗೂ ಹಾಗೆ ಹೊಗಳುವವರು ಸಿಗುತ್ತಾರೆ, ಆ ಪುಟಕ್ಕೇ ಚಪ್ಪಾಳೆ ತಟ್ಟುತ್ತಾರೆ. ನಂಬಬೇಡ.

ತಲೆ ಬಾಗುವುದು ಇನ್ಜೊಗೆ ಹೊಸದಾಗಿರಲಿಲ್ಲ ತಂಗಿ. ಶರಣಾಗುವುದಕ್ಕೆ ಒಂದು ತಿಂಗಳ ಹಿಂದೆ, ಅವರ ವರ್ಷದ ಮೊದಲ ದಿನ, ಅದೇ ಕೋಟೆಯೊಳಗೆ ಯುವರಾಜನನ್ನೂ ಮಂತ್ರಿಗಳನ್ನೂ ಸೇರಿಸಿಕೊಂಡು ಆಗ ಚೀನಾ ಆಳುತ್ತಿದ್ದ, ತಾನು ಒಡೆಯ ಅಂತ ಒಪ್ಪಿದ್ದ ಮಿಂಗ್ ಚಕ್ರವರ್ತಿಯ ದೂರದ ಅರಮನೆಯ ದಿಕ್ಕಿಗೆ ನಮಸ್ಕಾರ ಮಾಡಿದ್ದ. ಹೊರಗೆ ಶತ್ರು ಸೇನೆ ಕೂತಿತ್ತು. ಒಳಗೆ ಹಸಿವು, ಚಳಿ. ಆದರೂ ಆ ವಿಧಿ ತಪ್ಪಲಿಲ್ಲ, ಅದರಲ್ಲಿ ಅವನಿಗೆ ಅವಮಾನವೂ ಕಾಣಲಿಲ್ಲ. ತಿಂಗಳೊಳಗೆ ಅದೇ ಮಂಡಿ, ಅದೇ ಹಣೆ, ಬೇರೆ ಚಕ್ರವರ್ತಿ. ಅದೂ ಯಾರಿಗೆ? ಹಿಂದೆ ಜೊಸೊನ್ ಆಸ್ಥಾನಕ್ಕೇ ಬಂದು ಬಾಗಿ ಪದವಿ ಪಡೆದು ಹೋಗುತ್ತಿದ್ದ, ಗಡಿಯಾಚೆಯ ಜುರ್ಚೆನ್ ಕುಲದವನಿಗೆ! 1627ರಲ್ಲಿ ಅಣ್ಣ-ತಮ್ಮ ಅಂತ ಒಪ್ಪಂದ ಮಾಡಿಕೊಂಡಿದ್ದವರು 1636ಕ್ಕೆ ಒಡೆಯ-ಅಧೀನ ಅಂದರು. ಹಾಂಗ್ ತೈಜಿ ಚಕ್ರವರ್ತಿಯಾದ ಸಮಾರಂಭದಲ್ಲಿ ಜೊಸೊನ್ ರಾಯಭಾರಿಗಳಾದ ನಾ ದೊಕ್-ಹೊನ್ ಮತ್ತು ಇ ಗ್ವಾಕ್ ಬಗ್ಗಲಿಲ್ಲ. ಹಿಡಿದು ಎಳೆದಾಡಿದರೂ ಬಗ್ಗಲಿಲ್ಲ. ಇಷ್ಟೆಲ್ಲ ಮಾಡಿ ಊರಿಗೆ ಬಂದರೆ, ಚಿಂಗ್ ಪತ್ರವನ್ನು ಅಲ್ಲೇ ತಿರಸ್ಕರಿಸದೆ ತೆಗೆದುಕೊಂಡಿರಿ ಅಂತ ಅವರನ್ನೇ ಗಡಿಪಾರು ಮಾಡಿದರು. ಈ ಇಬ್ಬರು ನಿನ್ನ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಯಾಕೆ ಬಿಟ್ಟೆ?

ಶರಣಾಗತಿಯ ಮಾತುಕತೆಯನ್ನಂತೂ ಎರಡೇ ಸಾಲಲ್ಲಿ ಮುಗಿಸಿದ್ದೀಯ. ಅಲ್ಲೇ ಇರೋದು ರಾಜತಂತ್ರ. ಬಾಯಲ್ಲಿ ಜೇಡ್ ಕಲ್ಲು ಕಚ್ಚಿಕೊಂಡು, ಹೆಣದ ಪೆಟ್ಟಿಗೆ ಹೊರಿಸಿಕೊಂಡು ಬರುವ ಹಳೆಯ ಕಠಿಣ ವಿಧಿ ಬೇಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು ಅಂತ ಚಿಂಗ್ ಕಡೆಯವರೇ ಬಿಟ್ಟುಕೊಟ್ಟರು. ಆದರೆ ತಪ್ಪಿತಸ್ಥ ರಾಜಪೋಷಾಕು ಹಾಕುವಂತಿಲ್ಲ, ಮುಖ್ಯ ಬಾಗಿಲಿಂದ ಬರುವಂತಿಲ್ಲ ಅಂದರು. ಹಾಗಾಗಿ ರಾಜ ನೀಲಿ ಬಟ್ಟೆ ತೊಟ್ಟು, ಬಿಳಿ ಕುದುರೆ ಹತ್ತಿ, ಐವತ್ತು ಚಿಲ್ಲರೆ ಜನರ ಜೊತೆ ಪಶ್ಚಿಮದ ಬಾಗಿಲಿಂದ ಹೊರಟ. ಬಟ್ಟೆಯ ಬಣ್ಣ, ಬಾಗಿಲಿನ ದಿಕ್ಕು, ಎಲ್ಲವೂ ಮಾತಾಡಿ ಗೊತ್ತು ಮಾಡಿದ್ದು. ಇದನ್ನು ನಿಧಾನಕ್ಕೆ ಬರಿ. ನಿನಗೆ ಆ ಶಕ್ತಿ ಇದೆ. ಶರಣಾಗತಿ ಪತ್ರವನ್ನು ಶರಣಾಗಬಾರದು ಅಂದ ಮಂತ್ರಿ ಕಿಮ್ ಸಾಂಗ್-ಹೊನ್ ಹರಿದು ಹಾಕಿದ್ದು, ಸಂಧಿ ಬೇಕು ಅಂದ ಮಂತ್ರಿ ಚ್ವೆ ಮ್ಯೊಂಗ್-ಗಿಲ್ ಚೂರುಗಳನ್ನು ಆರಿಸಿದ್ದು, ಆ ಪುಟ ಓದಿ ಎದ್ದು ಓಡಾಡಿಬಿಟ್ಟೆ. ಅಷ್ಟು ಚೆನ್ನಾಗಿದೆ.

ಇನ್ನು ಆ ಸಂಜೆ. ನಿನ್ನ ಅಧ್ಯಾಯ ರಕ್ತಕ್ಕೇ ನಿಂತುಬಿಟ್ಟಿದೆ, ದಾಖಲೆ ಮುಂದಕ್ಕೆ ಹೋಗುತ್ತೆ. ರಾಜ ನದಿ ದಾಟಿ ರಾಜಧಾನಿ ಸೋಲ್‌ಗೆ ವಾಪಸ್ ಹೋಗಬೇಕು. ದಂಡೆಯಲ್ಲಿ ಖಾಲಿ ಇದ್ದದ್ದು ಎರಡೇ ದೋಣಿ. ಅಧಿಕಾರಿಗಳು ನಾ ಮುಂದು ತಾ ಮುಂದು ಅಂತ ನುಗ್ಗಿ, ರಾಜನ ಬಟ್ಟೆ ಹಿಡಿದು ಜಗ್ಗಿ ದೋಣಿ ಹತ್ತಿದರು. ಸೆರೆಸಿಕ್ಕ ಸಾವಿರಾರು ಜನ ದಾರಿಯ ಎರಡೂ ಕಡೆ ನಿಂತು ‘ನಮ್ಮ ದೊರೆಯೇ, ನಮ್ಮ ದೊರೆಯೇ, ನಮ್ಮನ್ನು ಬಿಟ್ಟು ಹೋಗುತ್ತೀರಾ?’ ಅಂತ ಕೂಗಿ ಅತ್ತರು. ಅಲ್ಲಿಗೆ ನಿನ್ನ ರಾಜನನ್ನು ಕರೆದುಕೊಂಡು ಹೋಗು. ಅವನು ತಿರುಗಿ ನೋಡಿದನಾ ಅಂತ ನಿನ್ನ ಕಲ್ಪನೆಯಿಂದ ಸೇರಿಸಬೇಡ.

ಆ ರಕ್ತ ತೆಗೆದುಹಾಕು, ರಾಯಭಾರಿಗಳನ್ನು ಸೇರಿಸು, ಮಾತುಕತೆಯನ್ನು ಬಿಡಿಸಿ ಬರಿ. ದೀಪಾವಳಿ ಒಳಗೆ ಇವುಗಳ ಜೊತೆ ಹೊಸ ಎರಡು ಭಾಗ, ವರ್ಷದ ಮೊದಲ ದಿನದ ನಮಸ್ಕಾರ ಮತ್ತು ದೋಣಿಯದ್ದು, ಬರೆದು ನನಗೆ ಕಳಿಸು. ಮಿಕ್ಕದ್ದನ್ನು ಮುಟ್ಟಬೇಡ, ಅದು ಸರಿಯಾಗೇ ಇದೆ. ಓದಿ, ನನಗೆ ಗೊತ್ತಿರುವ ಪ್ರಕಾಶಕರ ಹತ್ತಿರ ನಾನೇ ಮಾತಾಡುತ್ತೇನೆ.

ಇಂತಿ,
ನಿನ್ನ ಅಣ್ಣ