ಕೊನೆಯ ಬೆಂಚಿನಿಂದ ಅಕ್ಕನಿಗೆ

ಪ್ರೀತಿಯ ಅಕ್ಕ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. "ಮನೆ ಬದಲಾಯಿಸಿದ್ದೇವೆ, ಸರಿ. ಭಾನುವಾರ ಯಾವುದೋ ಒಂದು ಚರ್ಚಿಗೆ ಹೋಗಿ ಪೂಜೆ ಮುಗಿಸಿಕೊಂಡು ಬಂದರೆ ಆಯ್ತಲ್ಲ, ಹೊಸ ಧರ್ಮಕೇಂದ್ರದಲ್ಲಿ, ಅಂದರೆ ಆ ಜಾಗದ ಚರ್ಚಿನಲ್ಲಿ, ಹೆಸರು ಬರೆಸಿ ಏನಾಗಬೇಕು?" ಅಂದೆ ನೀನು. ನಾನು "ಹೌದು ಬಿಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಯಾಕೆಂದರೆ ಇಲ್ಲಿಗೆ ಬಂದ ಮೊದಲ ಎಂಟು ತಿಂಗಳು ನಾನೂ ಹಾಗೇ ಇದ್ದೆ. ನಿಮಗ್ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಆಗ ನನ್ನ ಲೆಕ್ಕ ಸುಲಭವಾಗಿತ್ತು. ತಡವಾಗಿ ಎದ್ದರೆ ಸಂಜೆ ಪೂಜೆ ಇರುವ ಚರ್ಚು. ಭಾನುವಾರ ಕೆಲಸವಿದ್ದರೆ ಶನಿವಾರ ಸಂಜೆಯ ಪೂಜೆ ಇರುವ ಚರ್ಚು. ಉದ್ದದ ಪ್ರಬೋಧನೆ ಕೇಳುವ ತಾಳ್ಮೆ ಇಲ್ಲದ ದಿನ ಮೂರನೆಯದು. ಎಲ್ಲಿ ಹೋದರೂ ಕೊನೆಯ ಬೆಂಚು. ಕೊನೆಯ ಹಾಡು ಶುರುವಾಗುವಷ್ಟರಲ್ಲಿ ನಾನು ಬಾಗಿಲಾಚೆ. ವಾರವೆಲ್ಲಾ ಯಾರಾದರೂ ನನ್ನ ಕೈ ಮುಟ್ಟುತ್ತಿದ್ದರೆ ಅದು ಪೂಜೆಯಲ್ಲಿ ಶಾಂತಿ ಕೋರುವಾಗ ಮಾತ್ರ ಅಂತ ಒಂದು ದಿನ ಹೊಳೆಯಿತು. ಆದರೂ ಓಡುವುದನ್ನು ಬಿಡಲಿಲ್ಲ.

ಆಮೇಲೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆನಲ್ಲ, ಆಗ ಐದು ಭಾನುವಾರ ಮನೆಯಲ್ಲೇ ಇದ್ದೆ. ಮೊಬೈಲಿನಲ್ಲಿ ಪೂಜೆ ನೋಡಿದೆ. ಅದನ್ನು ಹಗುರವಾಗಿ ಮಾತಾಡಲ್ಲ, ಮಂಚ ಬಿಟ್ಟು ಏಳಲಾಗದವನಿಗೆ ಅದು ದೊಡ್ಡ ಆಸರೆ. ಆದರೆ ಐದು ವಾರ ನಾನು ಚರ್ಚಿಗೆ ಬಂದಿಲ್ಲ ಅನ್ನೋದು ಒಬ್ಬರಿಗೂ ಗೊತ್ತಾಗಲಿಲ್ಲ. ಯಾರ ಮೇಲೆ ಬೇಜಾರು ಮಾಡಿಕೊಳ್ಳಲಿ? ಇದ್ದೇನೆ ಅಂತ ಗೊತ್ತಿದ್ದರೆ ತಾನೇ ಇಲ್ಲ ಅಂತ ಗೊತ್ತಾಗೋದು.

ಊರುಗೋಲು ಹಿಡಿದುಕೊಂಡೇ ಮನೆಗೆ ಹತ್ತಿರದ ಚರ್ಚಿನ ಕಚೇರಿಗೆ ಹೋದೆ. ಸೇರಿಸಿಕೊಳ್ಳಿ ಅಂತ ಕೇಳಿದೆ. "ಇಲ್ಲಿಗೆ ಬಂದು ಎಷ್ಟು ತಿಂಗಳಾಯ್ತು?" ಅಂತ ಫಾದರ್ ಕೇಳಿದರು. ಒಂಬತ್ತು ಅಂದೆ. ಅವರು ನಕ್ಕರು. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ, ಒಂದು ಜಾಗದಲ್ಲಿ ಮೂರು ತಿಂಗಳು ವಾಸವಿದ್ದರೆ ಸಾಕಂತೆ, ಆ ಜಾಗದ ಧರ್ಮಕೇಂದ್ರ ನಮ್ಮದಾಗುತ್ತದೆ. ಅರ್ಜಿ ತುಂಬೋದು ಕಚೇರಿಯವರಿಗೆ ನಮ್ಮ ವಿಳಾಸ ಸಿಗಲಿ ಅಂತ. ಆಮೇಲೆ ಇನ್ನೊಂದು ಮಾತು ಹೇಳಿದರು. ಧರ್ಮಕೇಂದ್ರದ ಗುರು ಪ್ರತಿ ಭಾನುವಾರ ಒಂದು ಪೂಜೆಯನ್ನು ತನ್ನ ಜನರಿಗಾಗಿಯೇ ಅರ್ಪಿಸಬೇಕು. ಅದಕ್ಕೆ ಯಾರಿಂದಲೂ ಕಾಣಿಕೆ ತೆಗೆದುಕೊಳ್ಳುವ ಹಾಗಿಲ್ಲ. "ಅಂದರೆ ಆರು ತಿಂಗಳಿಂದ ನಿನ್ನ ಹೆಸರು ಗೊತ್ತಿಲ್ಲದೆಯೇ ನಿನಗಾಗಿ ಪೂಜೆ ಮಾಡ್ತಾ ಇದ್ದೇನೆ" ಅಂದರು.

ಅಕ್ಕ, ನಾವು ಚಿಕ್ಕಂದಿನಿಂದ ತಾತನ ಹೆಸರಿನಲ್ಲಿ, ಅಜ್ಜಿಯ ಹೆಸರಿನಲ್ಲಿ ಕಾಣಿಕೆ ಕೊಟ್ಟು ಪೂಜೆ ಬರೆಸುತ್ತಾ ಬಂದವರು. ನಾವು ಬರೆಸದೆಯೇ ನಮ್ಮ ಪಾಲಿಗೆ ಒಂದು ಪೂಜೆ ಇರುತ್ತೆ ಅಂತ ನಿನಗೆ ಗೊತ್ತಿತ್ತಾ? ನನಗಂತೂ ಇರಲಿಲ್ಲ. ನಾನು ಮೂರು ಚರ್ಚುಗಳ ನಡುವೆ ಸುತ್ತಾಡುತ್ತಿದ್ದಾಗ ಒಂದು ಚರ್ಚು ನನ್ನನ್ನು ಆಗಲೇ ಲೆಕ್ಕಕ್ಕೆ ಹಿಡಿದಿತ್ತು.

ಧರ್ಮಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಪ್ಯಾರಿಷ್ ಅಂತಾರಲ್ಲ, ಆ ಪದ ಗ್ರೀಕಿನ ಪರೋಯಿಕಿಯ ಅನ್ನೋದರಿಂದ ಬಂದದ್ದು. ಪರಸ್ಥಳದಲ್ಲಿ ಹೊರಗಿನವರಾಗಿ ನೆಲೆಸಿರುವುದು ಅಂತ ಅದರ ಅರ್ಥ. ಬೈಬಲಿನ ಪೇತ್ರರ ಮೊದಲ ಪತ್ರದಲ್ಲೂ ಈ ಪದ ಇದೆ. ನಾನೊಬ್ಬನೇ ಪರದೇಶಿ ಅಂದುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಹೆಸರಿನ ಪ್ರಕಾರ ಮುಂದಿನ ಬೆಂಚಿನವರೂ ಪರದೇಶಿಗಳೇ!

ಹೆಸರು ಬರೆಸಿದ ಕೂಡಲೇ ಎಲ್ಲಾ ಚೆನ್ನಾಗಾಯಿತು ಅಂತ ಮಾತ್ರ ಅಂದುಕೊಳ್ಳಬೇಡ. ತುಂಬಾ ದಿನ ನನ್ನನ್ನು "ಆ ಹೊಸ ಹುಡುಗ" ಅಂತಲೇ ಕರೆದರು. ಬದಲಾಗಿದ್ದು ಕೆಲಸ ಕೊಟ್ಟ ಮೇಲೆ. ಮೊದಲು ಹಾಡಿನ ಪುಸ್ತಕ ಜೋಡಿಸೋದು. ಆಮೇಲೆ ಪೂಜೆಯಲ್ಲಿ ಬೈಬಲಿನ ವಾಚನ ಓದೋದು. ಮೊದಲ ಸಲವೇ ಪ್ರವಾದಿಯ ಹೆಸರು ಹೇಳಲು ನಾಲಿಗೆ ತೊಡರಿತು, ಒಬ್ಬ ಮುದುಕಿ ಗಟ್ಟಿಯಾಗಿ ತಿದ್ದಿದರು. ಈಗ ಅವರು ನನ್ನ ಪಕ್ಕದಲ್ಲೇ ಕೂರುತ್ತಾರೆ.

ಅದಾದ ಮೇಲೆ ವಿನ್ಸೆಂಟ್ ದಿ ಪಾಲ್ ಸಭೆ. ನಿಮ್ಮಲ್ಲೂ ಇದೆಯಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಂ ಅದನ್ನು ಶುರು ಮಾಡಿದಾಗ ಅವರಿಗೆ ಬರೀ ಇಪ್ಪತ್ತು ವರ್ಷ. ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗಿ ಬರುವುದು ಇವರ ಪದ್ಧತಿ. ನನ್ನ ಜೊತೆ ಬರುವವರು ಕೆಲಸದಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ನಾವಿಬ್ಬರೂ ಹದಿನೈದು ದಿನಕ್ಕೊಮ್ಮೆ ಒಬ್ಬ ಅಜ್ಜನನ್ನು ನೋಡಲು ಹೋಗುತ್ತೇವೆ. ಅಜ್ಜನಿಗೆ ಒಂದೇ ಕತೆ ಗೊತ್ತು. ಪ್ರತಿ ಸಲ ಅದನ್ನೇ ಹೇಳುತ್ತಾನೆ, ನಾವು ಪ್ರತಿ ಸಲ ಹೊಸದಾಗಿ ಕೇಳುತ್ತೇವೆ. ನಿಜ ಹೇಳಬೇಕೆಂದರೆ ಕೆಲವು ಸಲ ಹೋಗಲು ಮನಸ್ಸೇ ಇರಲ್ಲ. ಒಮ್ಮೆ ತಪ್ಪಿಸಿದೆ. ಮುಂದಿನ ಸಲ ಬಾಗಿಲು ತೆಗೆದವನೇ, "ಹೋದ ಸಲ ಎಲ್ಲಿ ಸತ್ತಿದ್ದೆ?" ಅಂತ ಬೈದ.

ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದೆ. ಮೇಷ್ಟ್ರಿಗೆ ಯಾಕೆ ಅಂತ ತಿಳಿಯಲಿಲ್ಲ.

ಜಗಳಗಳೂ ಇವೆ. ಚರ್ಚಿನ ಪಾಲನಾ ಸಮಿತಿ ಸಲಹೆ ಕೊಡಬಹುದು ಅಷ್ಟೆ, ತೀರ್ಮಾನ ಫಾದರ್ ಅವರದ್ದು. ಆದರೂ ಕೂಗಾಟ ಕೇಳಿದರೆ ದೇಶದ ಬಜೆಟ್ಟೇ ಪಾಸಾಗುತ್ತಿದೆ ಅನ್ನಬೇಕು. ಇತ್ತೀಚೆಗೆ ಕೊನೆಯ ಸಾಲಿನ ಬೆಂಚು ತೆಗೆಯಬೇಕೋ ಬೇಡವೋ ಅಂತ ಮೂರು ಸಭೆ ನಡೆಯಿತು. ಗಾಲಿಕುರ್ಚಿಯಲ್ಲಿ ಬರುವವರಿಗೆ, ಕೂಸುಗಳ ತಳ್ಳುಗಾಡಿಗೆ ಜಾಗ ಇರಲಿಲ್ಲ. ಅದು ಹಳೆಯ ಬೆಂಚು, ಮುಟ್ಟಬೇಡಿ ಅಂತ ಇನ್ನೊಂದು ಗುಂಪು. ನಾನು ತೆಗೆಯಿರಿ ಅಂದೆ. ಹೊರಗೆ ಸಾಗಿಸುವಾಗ ಒಂದು ತುದಿ ನಾನೇ ಹಿಡಿದಿದ್ದೆ. ಸ್ವಲ್ಪ ಬೇಜಾರಾಯಿತು ಬಿಡು.

ಇವರಲ್ಲಿ ಒಬ್ಬರನ್ನೂ ನಾನು ಆರಿಸಿಕೊಂಡದ್ದಲ್ಲ. ಸ್ನೇಹಿತರಾದರೆ ಆರಿಸಿಕೊಳ್ಳುತ್ತೇವೆ. ತಿದ್ದುವ ಮುದುಕಿ, ಬೈಯುವ ಅಜ್ಜ, ಬೆಂಚಿಗಾಗಿ ಮುನಿಸಿಕೊಂಡವರು, ಇವರನ್ನೆಲ್ಲಾ ಯಾರು ಆರಿಸಿಕೊಳ್ಳುತ್ತಾರೆ? ಒಡಹುಟ್ಟಿದವರ ಹಾಗೆ, ಸಿಕ್ಕವರು. ನಿನ್ನನ್ನೂ ನಾನು ಆರಿಸಿಕೊಳ್ಳಲಿಲ್ಲ ಅಲ್ವಾ!

ಇನ್ನೊಂದು ಸಣ್ಣ ಖುಷಿ. ಭಾನುವಾರ ಇಲ್ಲಿ ಓದುವ ಶುಭಸಂದೇಶವೇ ಅಲ್ಲಿ ಅಮ್ಮನೂ ಕೇಳುವುದು. ಮೂರು ವರ್ಷಕ್ಕೊಮ್ಮೆ ತಿರುಗಿ ಬರುವ ವಾಚನಗಳ ಅದೇ ಪಟ್ಟಿ, ಭಾಷೆ ಮಾತ್ರ ಬೇರೆ. ನನ್ನ ಸರದಿ ಬಂದಾಗ ಹಿಂದಿನ ದಿನ ನನ್ನ ವಾಚನವನ್ನು ಕನ್ನಡದಲ್ಲೇ ಓದಿಕೊಳ್ಳುತ್ತೇನೆ, ಆಮೇಲೆ ಇಲ್ಲಿನ ಭಾಷೆಯಲ್ಲಿ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹಾಡಿನ ಗುಂಪಿನ ದಂಪತಿಗೆ ಹೆಣ್ಣು ಮಗು ಹುಟ್ಟಿದೆ. ಅದರ ಜ್ಞಾನಸ್ನಾನಕ್ಕೆ ಜ್ಞಾನತಂದೆ, ಅಂದರೆ ಗಾಡ್‌ಫಾದರ್, ನಾನೇ ಆಗಬೇಕು ಅಂತ ಕೇಳಿದ್ದಾರೆ. ಅದಕ್ಕೆ, ನನಗೆ ದೃಢೀಕರಣ ಸಂಸ್ಕಾರ ಆಗಿದೆ ಅನ್ನೋದಕ್ಕೆ ದಾಖಲೆ ಬೇಕಂತೆ. ನನ್ನ ಜ್ಞಾನಸ್ನಾನ ಆದ ಚರ್ಚಿನ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅದನ್ನೂ ಬರೆದಿರುತ್ತಾರೆ. ನಿನ್ನ ಮದುವೆಯನ್ನೂ ನಿನ್ನ ಹೆಸರಿನ ಪಕ್ಕ ಬರೆದಿರಬೇಕು, ಹೋದಾಗ ನೋಡು. ಹಳೆಯ ಪ್ರಮಾಣಪತ್ರ ಕಳಿಸಬೇಡ, ಹೊಸದಾಗಿ ಬರೆಸಿಕೊಂಡು ಮುದ್ರೆ ಹಾಕಿಸು. ನನ್ನ ವರ್ಷ, ತಿಂಗಳು ಅಮ್ಮನಿಗೆ ನೆನಪಿದೆ.

ಭಾವನಿಗೆ ನಮಸ್ಕಾರ ಹೇಳು. ಅಪ್ಪನ ಕಣ್ಣು ತೋರಿಸಿದಿರಾ, ಡಾಕ್ಟರು ಏನಂದರು ಅಂತ ಬರೆ.

ನಿನ್ನ ತಮ್ಮ