ಪರಿಹಾರ ಉತ್ತವರಿಗೂ ಸಿಗಲಿ

ಬೆಳೆಹಾನಿ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತಿದೆ. ಗುತ್ತಿಗೆಗೆ ಉತ್ತು ಬಿತ್ತಿದವರ ಕೈಗೆ ಏನೂ ಬರುತ್ತಿಲ್ಲ. ಬೀಜ, ಗೊಬ್ಬರ, ಕಳೆ ಕೂಲಿಗೆ ಸಾಲ ಮಾಡಿದವರು ಇವರು. ಮಳೆಗೆ ತೊಗರಿ ಕೊಳೆತರೂ ಗುತ್ತಿಗೆ ಹಣ ಕೊಡಲೇಬೇಕು. 2022ರ ವಿಪತ್ತು ಪರಿಹಾರ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ₹8,500. ಜಾಸ್ತಿ ಏನಲ್ಲ, ಆದರೆ ಮುಂದಿನ ಬಿತ್ತನೆಗೆ ಅದೇ ಆಸರೆ ಅಲ್ವಾ?

ಭೂಸುಧಾರಣಾ ಕಾಯ್ದೆ ಗುತ್ತಿಗೆಯನ್ನು ನಿಷೇಧಿಸಿರುವುದರಿಂದ ಎಲ್ಲವೂ ಬಾಯಿಮಾತಿನ ವ್ಯವಹಾರ. ಕಾಗದ ಬರೆದುಕೊಟ್ಟರೆ ಜಮೀನೇ ಹೋದೀತು ಎಂಬ ಭಯ ಮಾಲೀಕರಿಗೆ. ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿ, ಮಾಲೀಕತ್ವಕ್ಕೆ ಧಕ್ಕೆಯಾಗದಂತೆ 11 ತಿಂಗಳ ಸಾಗುವಳಿ ಪತ್ರಕ್ಕೆ ಅವಕಾಶ ಕೊಟ್ಟಿತು. ನಮ್ಮಲ್ಲೂ ಅಂಥ ಕಾನೂನು ಬರಲಿ. ಅಲ್ಲಿಯವರೆಗೆ, ಹೊಲಕ್ಕೇ ಬಂದು ಫೋಟೊ ತೆಗೆಯುವ ಬೆಳೆ ಸಮೀಕ್ಷೆಯವರು ಉಳುವವರ ಹೆಸರನ್ನೂ ಬರೆದುಕೊಳ್ಳಲಿ.

– ಒಬ್ಬ ಓದುಗ, ಕಲಬುರಗಿ