ಕಿಮೇರಾದ ಬಾಲ ಮೂಲದ್ದಲ್ಲ

ಮಾನ್ಯರೇ,

ಪುರವಣಿಯಲ್ಲಿ ಇಟಲಿಯ ಅರೆಟ್ಸೊದಲ್ಲಿ ಸಿಕ್ಕ ಕಂಚಿನ ಕಿಮೇರಾದ ಚಿತ್ರ ಕಂಡು ಸಂತೋಷವಾಯಿತು. ಕಿಮೇರಾ ಎಂದರೆ ಸಿಂಹದ ಮೈ, ಬೆನ್ನ ಮೇಲೆ ಮೇಕೆಯ ತಲೆ, ಹಾವಿನ ಬಾಲ ಇರುವ ಗ್ರೀಕ್ ಪುರಾಣದ ಮಿಶ್ರಪ್ರಾಣಿ. ಆದರೆ ಬಾಲದ ಹಾವು ಬೆನ್ನ ಮೇಲಿನ ಮೇಕೆಯ ಕೊಂಬನ್ನು ಕಚ್ಚುವುದು ಎಟ್ರುಸ್ಕನ್ (ಇಟಲಿಯ ಪ್ರಾಚೀನ ಜನಾಂಗ) ಶಿಲ್ಪಿಯ ಕಲ್ಪನೆ ಎಂಬ ವಿವರಣೆ ತಪ್ಪು. 1553ರ ನವೆಂಬರ್ 15ರಂದು ನೆಲದಿಂದ ಹೊರಬಂದಾಗ ಈ ಸಿಂಹಕ್ಕೆ ಬಾಲವೇ ಇರಲಿಲ್ಲ. ಈಗಿರುವ ಬಾಲವನ್ನು ಜೋಡಿಸಿದ್ದು 18ನೇ ಶತಮಾನದಲ್ಲಿ. ಮೂರ್ತಿಯಾದರೋ ಕ್ರಿ.ಪೂ. 400ರ ಆಸುಪಾಸಿನದು.

ಮೂರ್ತಿಯನ್ನೇ ನೋಡಿದರೂ ಈ ಬಾಲ ಒಪ್ಪುವುದಿಲ್ಲ. ಸಿಂಹ ಮುಂಗಾಲು ಊರಿ, ಮೈ ಹಿಂದಕ್ಕೆಳೆದು, ಬಾಯ್ತೆರೆದು ನಿಂತಿದೆ. ಮೇಕೆಯ ಕೊರಳಲ್ಲಿ ಗಾಯವಿದೆ. ಪುರಾಣದಲ್ಲಿ ಕಿಮೇರಾದ ಎದುರಾಳಿ, ಪೆಗಸಸ್ ಎಂಬ ರೆಕ್ಕೆಯ ಕುದುರೆ ಏರಿ ಬಂದ ವೀರ ಬೆಲ್ಲೆರೊಫಾನ್. ಹೀಗೆ ಹೋರಾಡುವ ಪ್ರಾಣಿಯ ಹಾವು ವೈರಿಯತ್ತ ಹೆಡೆ ಚಾಚಬೇಕೇ ಹೊರತು ತನ್ನದೇ ಮೇಕೆಯನ್ನು ಕಚ್ಚುವುದಿಲ್ಲ.

ಬಾಲ ಕಳೆದುಹೋದದ್ದರಲ್ಲಿ ಎರಕದವರಿಗೆ ಅಚ್ಚರಿಯಿಲ್ಲ. ಟೊಳ್ಳು ಮೂರ್ತಿಗೆ ಮಣ್ಣಿನ ತಿರುಳಿನ ಮೇಲೆ ಕೆಲವೇ ಮಿಲಿಮೀಟರ್ ದಪ್ಪಕ್ಕೆ ಮೇಣ ಹಚ್ಚುತ್ತಾರೆ. ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ಒಂದು ಕಿಲೋ ಮೇಣದ ಜಾಗ ತುಂಬಲು ಸುಮಾರು 9 ಕಿಲೋ ಕಂಚು ಬೇಕು. ಕಂಚು ಹೊಯ್ಯುವ ಕೊಳವೆದಾರಿಯಲ್ಲಿ ನಿಲ್ಲುವ ಕಂಚು ಇದಕ್ಕೆ ಸೇರಿಲ್ಲ. ಮಣ್ಣಿನಲ್ಲಿ ಪಸೆ ಉಳಿದರೆ ಆವಿ ಎದ್ದು ಲೋಹದಲ್ಲಿ ತೂತು ಬೀಳುತ್ತದೆ. ಇಂಥ ಮಿಶ್ರಪ್ರಾಣಿಗಳಲ್ಲಿ ತೊಡಕು ಹೆಚ್ಚು: ದಪ್ಪ ಮೈಯಿಂದ ಸಣ್ಣ ಬಾಲ, ಕೊಂಬು, ಕಿವಿ ಹೊರಡುತ್ತವೆ. ಸಣ್ಣ ಭಾಗದಲ್ಲಿ ಕಂಚು ಬೇಗ ಆರಿ ತುದಿ ತುಂಬುವುದೇ ಇಲ್ಲ. ತುಂಬಿದರೂ ದಪ್ಪ ಭಾಗ ನಿಧಾನವಾಗಿ ಕುಗ್ಗುವಾಗ ಬುಡದಲ್ಲಿ ಬಿರುಕು ಬಿಡುತ್ತದೆ. ಅದಕ್ಕೇ ಇಂಥ ಅಂಗಗಳನ್ನು ಬೇರೆಯಾಗಿ ಎರೆದು ಬೆಸೆಯುವುದುಂಟು. ಪೆಟ್ಟು ಬಿದ್ದರೆ ಮೊದಲು ಕಳಚುವುದೂ ಆ ಬೆಸುಗೆಯೇ.

ಮೂಲ ಶಿಲ್ಪಿಯ ಕೈಯ ಗುರುತು ಬೇಕಿದ್ದರೆ ಬಲ ಮುಂಗಾಲು ನೋಡಬೇಕು. ಅಲ್ಲಿ ‘ತಿನ್ಸ್‌ಕ್ವಿಲ್’ ಎಂಬ ಎಟ್ರುಸ್ಕನ್ ಬರಹವಿದೆ, ತಿನಿಯಾ ದೇವರಿಗೆ ಅರ್ಪಣೆ ಎಂಬ ಭಾವದ್ದು. ಅದನ್ನು ಎರಕಕ್ಕೆ ಮೊದಲು ಮೇಣದಲ್ಲೇ ಗೀರಲಾಗಿತ್ತು. ಮೇಣದಲ್ಲಿ ಗೀರಿದ ಅಕ್ಷರದ ಅಂಚು ದುಂಡಗೆ, ಮೆತ್ತಗೆ ಬರುತ್ತದೆ. ಲೋಹದ ಮೇಲೆ ಉಳಿಯಲ್ಲಿ ಕೊರೆದರೆ ಹರಿತವಾಗಿ ನಿಲ್ಲುತ್ತದೆ. ಸುಮಾರು 78 ಸೆಂ.ಮೀ. ಎತ್ತರದ ಈ ಮೂರ್ತಿ ಇಂದು ಫ್ಲಾರೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಮತ್ತೆ ಅಚ್ಚು ಹಾಕುವಾಗ ಚಿತ್ರದಡಿ ‘ಬಾಲ: 18ನೇ ಶತಮಾನದ ಜೋಡಣೆ’ ಎಂದು ನಮೂದಿಸಿ, ಆ ಮುಂಗಾಲಿನ ಹತ್ತಿರದ ಚಿತ್ರವನ್ನೂ ಕೊಡಬೇಕೆಂದು ಕೋರುತ್ತೇವೆ.

– ಲೋಹಶಿಲ್ಪಾಸಕ್ತ ಓದುಗರು